ಗೋಡೌನಿನಲ್ಲಿ ಐದೇ ಮೂಟೆಗೆ ಜಾಗ: ಫ್ಯಾಂಟಸಿ ಬೇಸ್‌ಬಾಲ್‌ನಲ್ಲಿ ಕೀಪರ್ ಆರಿಸುವ ಲೆಕ್ಕ

ಫೆಬ್ರವರಿ ಮುಗಿಯುತ್ತಾ ಬಂದ ಹಾಗೆ ನಮ್ಮ ವಾಟ್ಸಾಪ್ ಗುಂಪು ತಣ್ಣಗಾಗಿಬಿಡುತ್ತದೆ. ವರ್ಷವಿಡೀ ಮೀಮ್ ಕಳಿಸುತ್ತಿದ್ದವರು ಬಾಯಿ ಮುಚ್ಚಿಕೊಂಡು ಕೂರುತ್ತಾರೆ. ಇಲ್ಲಿ ನ್ಯೂಜೆರ್ಸಿಯಲ್ಲಿ ಇನ್ನೂ ಹಿಮ ಕರಗಿರುವುದಿಲ್ಲ. ಅಲ್ಲಿ ಫ್ಲಾರಿಡಾದಲ್ಲಿ, ಅರಿಜೋನಾದಲ್ಲಿ ಬೇಸ್‌ಬಾಲ್ ತಂಡಗಳ ಸ್ಪ್ರಿಂಗ್ ಟ್ರೇನಿಂಗ್, ಅಂದರೆ ಸೀಸನ್ನಿಗೆ ಮುಂಚಿನ ಅಭ್ಯಾಸ, ಶುರುವಾಗಿರುತ್ತದೆ. ಎಲ್ಲರ ತಲೆಯಲ್ಲೂ ಒಂದೇ ಪ್ರಶ್ನೆ. ಹೋದ ವರ್ಷದ ತಂಡದಲ್ಲಿ ಯಾರನ್ನು ಇಟ್ಟುಕೊಳ್ಳೋದು, ಯಾರನ್ನು ಹರಾಜಿಗೆ ಬಿಡೋದು?

ನಾವು ಆಡೋದು ಫ್ಯಾಂಟಸಿ ಬೇಸ್‌ಬಾಲ್: ಅಮೆರಿಕದ ಮೇಜರ್ ಲೀಗಿನ ನಿಜವಾದ ಆಟಗಾರರನ್ನು ಹರಾಜಿನಲ್ಲಿ ಕೊಂಡು ಕಾಗದದ ಮೇಲೆ ತಂಡ ಕಟ್ಟೋದು, ಮೈದಾನದಲ್ಲಿ ಅವರು ಗಳಿಸಿದ ಅಂಕಿಗಳ ಮೇಲೆ ನಮ್ಮ ಸೋಲು ಗೆಲುವು. ಹೋದ ವರ್ಷದ ತಂಡದಿಂದ ಉಳಿಸಿಕೊಂಡ ಆಟಗಾರನೇ ಕೀಪರ್. ಹನ್ನೆರಡು ಜನರ ಲೀಗ್ ನಮ್ಮದು. ಏಳು ಜನ ಕನ್ನಡದವರು, ಉಳಿದವರು ಆಫೀಸಿನಲ್ಲಿ, ಅಕ್ಕಪಕ್ಕದ ಮನೆಗಳಲ್ಲಿ ಸಿಕ್ಕವರು. ಈ ಆಟಕ್ಕೆ ಬಂದಾಗ ನನಗೆ ಬೇಸ್‌ಬಾಲ್ ಅಷ್ಟಾಗಿ ಗೊತ್ತಿರಲಿಲ್ಲ. ಆದರೆ ಹರಾಜು ಗೊತ್ತಿತ್ತು. ನಾನು ತಿಪಟೂರಿನವನು. ನಮ್ಮಪ್ಪನದು ಕೊಬ್ಬರಿ ಮಂಡಿ. ಟೆಂಡರ್ ದಿನ ಅವರ ಪಕ್ಕ ಕೂತು, ಯಾವ ಲಾಟ್ ಎಷ್ಟಕ್ಕೆ ಹೋಯಿತು ಅಂತ ಚೀಟಿಯಲ್ಲಿ ಬರೆಯೋದು ರಜೆಯಲ್ಲಿ ನನ್ನ ಕೆಲಸ. ಅಪ್ಪ ಒಂದು ಮಾತು ಹೇಳುತ್ತಿದ್ದರು: "ಕೊಬ್ಬರಿ ಚೆನ್ನಾಗಿದೆ ಅಂತ ಇಟ್ಕೋಬೇಡ. ಕೊಂಡ ರೇಟಿಗೂ ನಾಳೆಯ ರೇಟಿಗೂ ಎಷ್ಟು ಫರಕು ಬೀಳುತ್ತೆ, ಅದನ್ನ ನೋಡಿ ಇಟ್ಕೋ. ಗೋಡೌನಲ್ಲಿ ಜಾಗ ಸುಮ್ನೆ ಬರಲ್ಲ."

ನನ್ನ ಕೀಪರ್ ಲೆಕ್ಕವೆಲ್ಲ ಈ ಮಾತಿನ ಮೇಲೇ ನಿಂತಿದೆ.

ಮೊದಲು ನಮ್ಮ ನಿಯಮ ಹೇಳಿಬಿಡುತ್ತೇನೆ, ಮುಂದಿನ ಅಂಕಿಗಳು ಅರ್ಥವಾಗಲಿ ಅಂತ. ಒಬ್ಬೊಬ್ಬರಿಗೂ 260 ಡಾಲರ್, 23 ಆಟಗಾರರು. ಹದಿನಾಲ್ಕು ಬ್ಯಾಟರ್‌ಗಳು, ಒಂಬತ್ತು ಪಿಚರ್‌ಗಳು (ಚೆಂಡೆಸೆಯುವವರು). ಬ್ಯಾಟರ್‌ಗಳಲ್ಲಿ ಇಬ್ಬರು ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವರು) ಇರಲೇಬೇಕು. ಹತ್ತು ಅಂಕಣ: ರನ್, ಹೋಮ್ ರನ್, ಆರ್‌ಬಿಐ (ತನ್ನ ಹೊಡೆತದಿಂದ ತಂಡಕ್ಕೆ ತಂದ ರನ್), ಸ್ಟೋಲನ್ ಬೇಸ್ (ಹೊಡೆತವಿಲ್ಲದೆ ಓಡಿ ಮುಂದಿನ ಬೇಸ್ ಕದಿಯೋದು), ಬ್ಯಾಟಿಂಗ್ ಸರಾಸರಿ (ಬ್ಯಾಟ್ ಮಾಡಿದ ಸಲಗಳಲ್ಲಿ ಹಿಟ್‌ನ ಪಾಲು); ಪಿಚರ್‌ಗಳಿಗೆ ಗೆಲುವು, ಸೇವ್ (ಕೊನೆಯಲ್ಲಿ ಬಂದು ತಂಡದ ಗೆಲುವು ಉಳಿಸೋದು), ಸ್ಟ್ರೈಕ್‌ಔಟ್, ಇಆರ್‌ಎ (ಒಂಬತ್ತು ಇನಿಂಗ್ಸಿಗೆ ಸರಾಸರಿ ಬಿಟ್ಟುಕೊಟ್ಟ ರನ್, ಕಮ್ಮಿ ಇದ್ದಷ್ಟೂ ಒಳ್ಳೆಯದು), ವಿಪ್ (ಒಂದು ಇನಿಂಗ್ಸಿಗೆ ಬಿಟ್ಟುಕೊಟ್ಟ ಹಿಟ್ ಮತ್ತು ವಾಕ್). ಒಂದೊಂದು ಅಂಕಣದಲ್ಲೂ ತಂಡಗಳಿಗೆ ಸ್ಥಾನಕ್ಕೆ ತಕ್ಕ ಅಂಕ. ಇದು ಹಳೆಯ ರೋಟಿಸರಿ ಪದ್ಧತಿ. 1980ರಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಸ್ನೇಹಿತರು ಶುರುಮಾಡಿದ್ದು. ನ್ಯೂಯಾರ್ಕಿನ ಒಂದು ಫ್ರೆಂಚ್ ರೆಸ್ಟೋರೆಂಟಿನ ಹೆಸರೇ ಆಟಕ್ಕೂ ಅಂಟಿಕೊಂಡಿತು. ನಮ್ಮಲ್ಲಿ ಐದು ಜನರವರೆಗೆ ಇಟ್ಟುಕೊಳ್ಳಬಹುದು. ಇಟ್ಟುಕೊಂಡರೆ ಹೋದ ವರ್ಷದ ಬೆಲೆಯ ಮೇಲೆ 5 ಡಾಲರ್ ಏರುತ್ತದೆ. ಕೊಂಡ ವರ್ಷವೂ ಸೇರಿ ಮೂರು ವರ್ಷ, ಆಮೇಲೆ ಬಿಡಲೇಬೇಕು. ಬೆಲೆ 260ರೊಳಗಿಂದಲೇ ಹೋಗುತ್ತದೆ.

ನಿಮ್ಮ ಲೀಗಿನಲ್ಲಿ ಬೇರೆ ಇರಬಹುದು. ಏನೇ ಇರಲಿ, ಮೊದಲ ಕೆಲಸ ನಿಮ್ಮ ನಿಯಮವನ್ನು ಇನ್ನೊಂದು ಸಲ ಓದೋದು. ನಗಬೇಡಿ. ಓದದೆ ಕೈ ಸುಟ್ಟುಕೊಂಡವನು ನಾನೇ. ಅದಕ್ಕೆ ಬರುತ್ತೇನೆ.

ಫರಕು ಅಂದರೆ ಏನು

ಕೀಪರ್ ಅಂದ ಕೂಡಲೆ ಎಲ್ಲರ ಮನಸ್ಸೂ ದೊಡ್ಡ ಹೆಸರಿನ ಕಡೆ ಓಡುತ್ತದೆ. ನನ್ನ ಹತ್ತಿರ ಇಂಥ ದೊಡ್ಡ ಆಟಗಾರ ಇದ್ದಾನೆ, ಬಿಡೋಕಾಗುತ್ತಾ? ಆಗುತ್ತದೆ. ಅವನ ಬೆಲೆ 45, ಕೀಪರ್ ದರವೂ 45 ಅಂದರೆ ನೀವು ಇಟ್ಟುಕೊಂಡು ಗಳಿಸಿದ್ದು ಸೊನ್ನೆ. ಹರಾಜಿನಲ್ಲೇ ಮತ್ತೆ ಕೊಳ್ಳಬಹುದಿತ್ತು. ಅದೇ 4 ಡಾಲರಿಗೆ ಸಿಕ್ಕ ಹುಡುಗ 9ಕ್ಕೆ ಏರಿ, 28ರ ಆಟ ಆಡುತ್ತಾನೆ ಅಂದರೆ 19 ಡಾಲರ್ ನಿಮ್ಮ ಜೇಬಿಗೆ ಬಂತು. ಆ 19ರಲ್ಲಿ ಇನ್ನೊಬ್ಬ ಒಳ್ಳೆ ಔಟ್‌ಫೀಲ್ಡರ್ ಬರುತ್ತಾನೆ.

ನನ್ನದೇ ಉದಾಹರಣೆ. 2024ರ ಮಾರ್ಚಿನಲ್ಲಿ ಪಾಲ್ ಸ್ಕೀನ್ಸ್ ಇನ್ನೂ ಮೇಜರ್ ಲೀಗಿಗೆ ಬಂದಿರಲಿಲ್ಲ. ಹರಾಜಿನ ಕೊನೆಯಲ್ಲಿ, ಎಲ್ಲರ ದುಡ್ಡೂ ಖಾಲಿಯಾಗಿದ್ದಾಗ, 4 ಡಾಲರಿಗೆ ಕೂಗಿದೆ. ಅವನು ಪಿಟ್ಸ್‌ಬರ್ಗ್ ಪೈರೇಟ್ಸ್‌ಗೆ ಮೊದಲ ಪಂದ್ಯ ಆಡಿದ್ದು ಮೇ 11ರಂದು. ವರ್ಷದ ಕೊನೆಗೆ ಇಆರ್‌ಎ 1.96, ಹೊಸಬರಿಗೆ ಕೊಡುವ ರೂಕಿ ಆಫ್ ದಿ ಇಯರ್ ಪ್ರಶಸ್ತಿ. 2025ರಲ್ಲಿ 9ಕ್ಕೆ ಇಟ್ಟುಕೊಂಡೆ. 1.97ರ ಇಆರ್‌ಎ, ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ. ಗೆಲುವು ಹತ್ತು, ಸೋಲೂ ಹತ್ತು. ಪಾಪ, ಅವನ ತಂಡ ರನ್ ಹೊಡೆಯದಿದ್ದರೆ ಅವನೇನು ಮಾಡುತ್ತಾನೆ? ಗೆಲುವಿನ ಅಂಕಣವನ್ನು ನಾನು ಆಮೇಲಿಂದ ಅರ್ಧ ಲಾಟರಿ ಅಂತಲೇ ಲೆಕ್ಕ ಹಾಕುತ್ತೇನೆ.

ಇಲ್ಲಿ ಒಂದು ಎಚ್ಚರಿಕೆ. ಅಗ್ಗ ಬೇರೆ, ಫರಕು ಬೇರೆ. 6 ಡಾಲರಿನವನು 7 ಡಾಲರಿನ ಆಟ ಆಡಿದರೆ ಅವನು ಅಗ್ಗ ಅಷ್ಟೇ. ಇದನ್ನು ನಮ್ಮ ಹುಡುಗರಿಗೆ ತಿಳಿಸಲು ನಾನು ಆರ್‌ಸಿಬಿ ಕಥೆ ಹೇಳುತ್ತೇನೆ. 2018ರ ದೊಡ್ಡ ಹರಾಜಿಗೆ ಮುಂಚೆ ಆರ್‌ಸಿಬಿ ಉಳಿಸಿಕೊಂಡಿದ್ದು ಮೂವರನ್ನು: ಕೊಹ್ಲಿ, ಡಿವಿಲಿಯರ್ಸ್, ಅಗ್ಗದ ದರದಲ್ಲಿ ಸರ್ಫರಾಜ್ ಖಾನ್. ನಮ್ಮ ಕೆ.ಎಲ್. ರಾಹುಲ್ ಭುಜದ ಗಾಯದಿಂದ 2017 ಪೂರ್ತಿ ಆಡಿರಲಿಲ್ಲ, ಅವರನ್ನು ಬಿಟ್ಟರು. ಪಂಜಾಬ್ 11 ಕೋಟಿಗೆ ಕೊಂಡಿತು. ಮೊದಲ ಪಂದ್ಯದಲ್ಲೇ 14 ಎಸೆತಕ್ಕೆ ಅರ್ಧ ಶತಕ, ಆ ಸೀಸನ್ನಿನಲ್ಲಿ 659 ರನ್. ಈ ಕಥೆ ಹೇಳಿದರೆ ಸಾಕು, ನಮ್ಮ ಗುಂಪಿನಲ್ಲಿ ಯಾರಿಗೂ ಬೇರೆ ವಿವರಣೆ ಬೇಕಿಲ್ಲ. ಹೊಟ್ಟೆಯುರಿ ಮಾತ್ರ ಇನ್ನೂ ಆರಿಲ್ಲ.

ಈ ವರ್ಷದ ಬೆಲೆ ಕಂಡುಹಿಡಿಯೋದು

ಕೀಪರ್ ದರ ಗೊತ್ತಿರುತ್ತದೆ. ಗೊತ್ತಿಲ್ಲದಿರೋದು ಈ ವರ್ಷ ಅವನು ಎಷ್ಟು ಬೆಲೆಯ ಆಟ ಆಡುತ್ತಾನೆ ಅನ್ನೋದು. ಹೆಚ್ಚಿನವರು ಹೋದ ವರ್ಷದ ಅಂಕಿ ನೋಡಿ ಅದನ್ನೇ ಈ ವರ್ಷಕ್ಕೂ ಬರೆದುಕೊಳ್ಳುತ್ತಾರೆ. ಹಾಗೆ ಮಾಡಬೇಡಿ.

ಸುಲಭದ ದಾರಿ ಒಂದಿದೆ. ಮೂರು ವರ್ಷ ತಗೊಳ್ಳಿ. ಹತ್ತಿರದ ವರ್ಷಕ್ಕೆ 5, ಅದರ ಹಿಂದಿನದಕ್ಕೆ 4, ಅದಕ್ಕೂ ಹಿಂದಿನದಕ್ಕೆ 3 ಪಾಲು. ಟಾಮ್ ಟ್ಯಾಂಗೊ ಅನ್ನುವವರು ಮಾಡಿದ 'ಮಾರ್ಸೆಲ್' ಲೆಕ್ಕದ ಬುನಾದಿ ಇದೇ. ಅದರಲ್ಲಿ ವಯಸ್ಸನ್ನೂ ಸರಾಸರಿಯ ಕಡೆಗಿನ ಎಳೆತವನ್ನೂ ಸೇರಿಸುತ್ತಾರೆ. ಅಷ್ಟು ದೂರ ಹೋಗದಿದ್ದರೂ ಪರವಾಗಿಲ್ಲ. ಸಿಯಾಟಲ್ ಮ್ಯಾರಿನರ್ಸ್‌ನ ಕ್ಯಾಲ್ ರಾಲಿಯನ್ನು ನೋಡಿ. 2023ರಲ್ಲಿ 30 ಹೋಮ್ ರನ್, 2024ರಲ್ಲಿ 34, 2025ರಲ್ಲಿ 60. ಕ್ಯಾಚರ್ ಒಬ್ಬ 60 ಹೊಡೆದದ್ದು ಅದೇ ಮೊದಲು. ಹಿಂದಿನ ದಾಖಲೆ ಸಾಲ್ವಡಾರ್ ಪೆರೆಜ್ ಹೆಸರಿನ 48. ಈಗ ಲೆಕ್ಕ ಹಾಕಿ. 60ರ ಐದು ಪಟ್ಟು 300, 34ರ ನಾಲ್ಕು ಪಟ್ಟು 136, 30ರ ಮೂರು ಪಟ್ಟು 90. ಒಟ್ಟು 526. ಅದನ್ನು 12ರಿಂದ ಭಾಗಿಸಿದರೆ ಸುಮಾರು 44. ಮುಂದಿನ ವರ್ಷಕ್ಕೆ ನಾನು ದುಡ್ಡು ಕೊಡೋದು ಈ 44ಕ್ಕೆ. 60ಕ್ಕೆ ಅಲ್ಲ.

ಇಷ್ಟು ಮಾಡಲು ಬೇಜಾರಾದರೆ ಫ್ಯಾನ್‌ಗ್ರಾಫ್ಸ್ ತಾಣದಲ್ಲಿ ಸ್ಟೀಮರ್, ಜಿಪ್ಸ್ ಅನ್ನುವ ಮುನ್ನಂದಾಜುಗಳು ಸಿಗುತ್ತವೆ. ಅಲ್ಲೇ ಹರಾಜಿನ ಕ್ಯಾಲ್ಕುಲೇಟರ್ ಕೂಡ ಇದೆ. ಎಷ್ಟು ತಂಡ, ಎಷ್ಟು ದುಡ್ಡು, ಎಷ್ಟು ಕ್ಯಾಚರ್ ಅಂತ ಕೊಟ್ಟರೆ ಎಲ್ಲರ ಬೆಲೆ ಪಟ್ಟಿ ಮಾಡಿಕೊಡುತ್ತದೆ. ಇದರಲ್ಲಿ ನಿಮ್ಮ ಲೀಗಿನ ನಿಯಮವನ್ನೇ ಹಾಕಬೇಕು. ನಾನು ಎಡವಿದ್ದು ಇಲ್ಲೇ.

2025ರ ಮಾರ್ಚ್. ನನ್ನ ಹತ್ತಿರ ಇದೇ ರಾಲಿ ಇದ್ದ. 7 ಡಾಲರಿಗೆ ಕೊಂಡಿದ್ದೆ, ಕೀಪರ್ ದರ 12. ಎಲ್ಲೋ ಒಂದು ಸಿದ್ಧ ಪಟ್ಟಿ ತೆಗೆದು ನೋಡಿದೆ, 14 ಡಾಲರ್ ಅಂತಿತ್ತು. ಫರಕು ಬರೀ ಎರಡು. ಮೇಲಾಗಿ ಹಿಂದಿನ ವರ್ಷದ ಸರಾಸರಿ .220. ಸರಾಸರಿ ನಮ್ಮಲ್ಲಿ ಒಂದು ಅಂಕಣ, ಅಲ್ವಾ? ಬಿಟ್ಟೆ. ಅವನ ಜಾಗಕ್ಕೆ ನಾಲ್ಕು ಡಾಲರ್ ಫರಕಿನ ಒಬ್ಬ ಔಟ್‌ಫೀಲ್ಡರನ್ನು ಇಟ್ಟುಕೊಂಡೆ. ಆ ಪಟ್ಟಿ ತಂಡಕ್ಕೆ ಒಬ್ಬನೇ ಕ್ಯಾಚರ್ ಇರುವ ಲೀಗಿನದು ಅಂತ ಹರಾಜು ಮುಗಿದ ಮೇಲೆ ಗೊತ್ತಾಯಿತು.

ಇದು ಏಕೆ ಅಷ್ಟು ಮುಖ್ಯ ಅಂತ ಸ್ವಲ್ಪ ನಿಂತು ಹೇಳುತ್ತೇನೆ. ಆಟಗಾರನ ಬೆಲೆ ಅವನ ಅಂಕಿಯಲ್ಲಿ ಇರುವುದಿಲ್ಲ. ಅವನು ಇಲ್ಲದಿದ್ದರೆ ಆ ಜಾಗಕ್ಕೆ 1 ಡಾಲರಿಗೆ ಯಾರು ಸಿಗುತ್ತಾರೆ, ಅವರಿಗಿಂತ ಇವನು ಎಷ್ಟು ಮೇಲು, ಅದು ಬೆಲೆ. ಹನ್ನೆರಡು ತಂಡ, ಒಬ್ಬೊಬ್ಬ ಕ್ಯಾಚರ್ ಅಂದರೆ ಹನ್ನೆರಡು ಜನ ಬೇಕು. ಹದಿಮೂರನೆಯವನೂ ಒಂದು ಮಟ್ಟಕ್ಕೆ ಆಡುತ್ತಾನೆ. ಇಬ್ಬಿಬ್ಬರು ಅಂದರೆ ಇಪ್ಪತ್ತನಾಲ್ಕು ಜನ ಬೇಕು. ಇಡೀ ಮೇಜರ್ ಲೀಗಿನಲ್ಲಿ ಇರೋದೇ ಮೂವತ್ತು ತಂಡ. ಇಪ್ಪತ್ತೈದನೆಯ ಕ್ಯಾಚರ್ ಅಂದರೆ ವಾರಕ್ಕೆ ಮೂರು ದಿನ ಬೆಂಚಿನಲ್ಲಿ ಕೂರುವವನು, ಆಡಿದ ದಿನವೂ .210 ಹೊಡೆಯುವವನು. ಅಂಥವನ ಎದುರು ರಾಲಿಯ ಬೆಲೆ ನನ್ನ ಲೆಕ್ಕದಲ್ಲಿ 19 ಆಗಬೇಕಿತ್ತು. ಫರಕು ಏಳು. ನಮ್ಮ ಮೈಸೂರಿನವಳು ಅವನನ್ನು 16ಕ್ಕೆ ಎತ್ತಿಕೊಂಡಳು. ಆಮೇಲೆ ಆ ಬೇಸಿಗೆಯಲ್ಲಿ ಅವಳು ಪ್ರತಿ ಹೋಮ್ ರನ್ನಿಗೂ ಗುಂಪಿನಲ್ಲಿ ಒಂದು ತೆಂಗಿನಕಾಯಿ ಇಮೋಜಿ ಹಾಕುತ್ತಿದ್ದಳು. ಅರವತ್ತು ತೆಂಗಿನಕಾಯಿ.

ಅವನು 60 ಹೊಡೆಯುತ್ತಾನೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅದು ನನ್ನ ತಪ್ಪಲ್ಲ. ಬೇರೆ ಲೀಗಿನ ಪಟ್ಟಿ ನೋಡಿದ್ದು ನನ್ನ ತಪ್ಪು.

ಇನ್ನೊಂದು ಅಳತೆಯೂ ನಿಮ್ಮ ಲೀಗಿನಿಂದಲೇ ತಗೊಳ್ಳಿ. ಹಿಂದಿನ ಮೂರ್ನಾಲ್ಕು ವರ್ಷದ ಅಂತಿಮ ಪಟ್ಟಿ ತೆಗೆದು ಒಂದೊಂದು ಅಂಕಣದಲ್ಲೂ ಒಂದು ಮೆಟ್ಟಿಲು ಮೇಲೆ ಹೋಗಲು ಎಷ್ಟು ಬೇಕಾಯಿತು ನೋಡಿ. ನಮ್ಮಲ್ಲಿ ಹೋಮ್ ರನ್ನಿಗೆ ಸುಮಾರು ಎಂಟು, ಸ್ಟೋಲನ್ ಬೇಸಿಗೆ ಏಳು. ಆಗ 25 ಹೋಮ್ ರನ್ನಿನವನಿಗೂ 25 ಬೇಸ್ ಕದಿಯುವವನಿಗೂ ಯಾರ ತೂಕ ಜಾಸ್ತಿ ಅಂತ ಜಗಳ ಆಡಬೇಕಿಲ್ಲ.

ಈ ತೂಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ ಅನ್ನೋದೂ ನೆನಪಿರಲಿ. 2022ರಲ್ಲಿ ಜಾನ್ ಬರ್ಟಿ 41 ಬೇಸ್ ಕದ್ದು ಇಡೀ ಮೇಜರ್ ಲೀಗಿಗೇ ಮೊದಲಿಗನಾಗಿದ್ದ. 2023ರಲ್ಲಿ ನಿಯಮ ಬದಲಾಯಿತು. ಬೇಸಿನ ಅಗಲ 15 ಇಂಚಿನಿಂದ 18 ಇಂಚಿಗೆ ಏರಿತು. ಪಿಚರ್ ಸುಮ್ಮಸುಮ್ಮನೆ ಓಟಗಾರನ ಕಡೆ ಚೆಂಡು ಎಸೆದು ಹೆದರಿಸೋದಕ್ಕೆ ಮಿತಿ ಬಂತು: ಒಬ್ಬ ಬ್ಯಾಟರ್ ನಿಂತಿರುವಾಗ ಎರಡೇ ಸಲ, ಮೂರನೆಯ ಸಲ ಔಟ್ ಮಾಡದಿದ್ದರೆ ಬಾಕ್, ಅಂದರೆ ಓಟಗಾರನಿಗೆ ಪುಕ್ಕಟೆ ಒಂದು ಬೇಸ್. ಕದ್ದ ಬೇಸುಗಳ ಒಟ್ಟು ಲೆಕ್ಕ 2,486ರಿಂದ 3,503ಕ್ಕೆ ಹಾರಿತು. ಅಟ್ಲಾಂಟಾದ ರೊನಾಲ್ಡ್ ಅಕುನ್ಯಾ ಒಬ್ಬನೇ 73. ಹಿಂದಿನ ವರ್ಷದ ದರದಲ್ಲಿ ಓಟಗಾರರನ್ನು ಇಟ್ಟುಕೊಂಡವರ ಗತಿ ಏನಾಯಿತು ಹೇಳಬೇಕಾ? ಪೇಟೆಗೆ ಹೊಸ ಮಾಲು ಲಾರಿಗಟ್ಟಲೆ ಬಂದಿತ್ತು.

ಹರಾಜಿನ ಉಬ್ಬರ

ಕೀಪರ್ ಲೀಗಿನ ಅಸಲಿ ಗುಟ್ಟು ಇದು. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಮೂರು ವರ್ಷ ಬೇಕಾಯಿತು.

ಹನ್ನೆರಡು ಜನರ ದುಡ್ಡು ಸೇರಿದರೆ 3,120 ಡಾಲರ್. ಕೊಳ್ಳಬೇಕಾದ ಆಟಗಾರರ ಬೆಲೆಯೂ ಒಟ್ಟಿಗೆ 3,120. ಯಾರೂ ಯಾರನ್ನೂ ಇಟ್ಟುಕೊಳ್ಳದಿದ್ದರೆ ಎರಡೂ ಸಮ. ಈಗ ಎಲ್ಲರೂ ಸೇರಿ 48 ಜನರನ್ನು ಇಟ್ಟುಕೊಂಡರು ಅನ್ನಿ. ಅವರ ಕೀಪರ್ ದರ ಒಟ್ಟು 520, ನಿಜವಾದ ಬೆಲೆ 840. ಉಳಿದ ದುಡ್ಡು 2,600. ಉಳಿದ ಮಾಲು 2,280ರದು ಮಾತ್ರ. ಭಾಗಿಸಿ: 1.14. ಅಂದರೆ ಹರಾಜಿನಲ್ಲಿ ಎಲ್ಲದರ ಬೆಲೆಯೂ ಸರಾಸರಿ ಶೇ. 14ರಷ್ಟು ಉಬ್ಬುತ್ತದೆ. ಪಟ್ಟಿಯಲ್ಲಿ 35 ಇರುವವನು ಹರಾಜಿನ ಕೋಣೆಯಲ್ಲಿ 40ಕ್ಕೆ ಹೋಗುತ್ತಾನೆ.

ಹಾಗಾಗಿ ಕೀಪರ್ ದರವನ್ನು ಪಟ್ಟಿಯ ಬೆಲೆಗೆ ಹೋಲಿಸಬೇಡಿ. ಉಬ್ಬಿದ ಬೆಲೆಗೆ ಹೋಲಿಸಿ. 2025ರಲ್ಲಿ ಹುವಾನ್ ಸೊಟೊ ನನ್ನ ಹತ್ತಿರ 41ಕ್ಕೆ ಇದ್ದ. ನನ್ನ ಪಟ್ಟಿಯಲ್ಲಿ ಅವನ ಬೆಲೆ 39. ಎರಡು ಡಾಲರ್ ನಷ್ಟ, ಬಿಡು ಅಂತ ನಮ್ಮ ದಾವಣಗೆರೆಯವನು ಸಲಹೆ ಕೊಟ್ಟ. ಕೊಡದೆ ಏನು, ಅವನಿಗೆ ಸೊಟೊ ಬೇಕಿತ್ತು. 39ನ್ನು 1.14ರಿಂದ ಗುಣಿಸಿದರೆ 44 ದಾಟುತ್ತದೆ. ಇಟ್ಟುಕೊಂಡೆ. ಅವನು ಹೊಸದಾಗಿ ನ್ಯೂಯಾರ್ಕ್ ಮೆಟ್ಸ್‌ಗೆ ಬಂದ ವರ್ಷ, 43 ಹೋಮ್ ರನ್ ಹೊಡೆದ. ಅದು ನಿರೀಕ್ಷೆ ಇತ್ತು. ಜೊತೆಗೆ 38 ಬೇಸ್ ಕದ್ದ. ಅದಕ್ಕೆ ಹಿಂದಿನ ವರ್ಷ ಕದ್ದದ್ದು ಏಳೇ ಏಳು. ಈ 38 ನನ್ನ ಜಾಣತನ ಅಂತ ಯಾರಾದರೂ ಅಂದುಕೊಂಡರೆ ನಾನು ತಡೆಯುವುದಿಲ್ಲ, ಆದರೆ ಅದು ಸುಮ್ನೆ ಅದೃಷ್ಟ.

ಒಂದು ಸೂಕ್ಷ್ಮ ಇದೆ. ಉಬ್ಬರ ಎಲ್ಲರ ಮೇಲೂ ಸಮವಾಗಿ ಬೀಳುವುದಿಲ್ಲ. 1 ಡಾಲರಿನವನಿಗೆ ಯಾರೂ 1.14 ಕೊಡುವುದಿಲ್ಲ, ಕೊಡಲು ಬರುವುದೂ ಇಲ್ಲ. ಮಿಕ್ಕ ದುಡ್ಡೆಲ್ಲ ಮೇಲಿನ ಹದಿನೈದು ಇಪ್ಪತ್ತು ಜನರ ಮೇಲೆ ಸುರಿಯುತ್ತದೆ. ದೊಡ್ಡ ಆಟಗಾರರು ಶೇ. 20, 25ರಷ್ಟು ಏರುತ್ತಾರೆ. ಆದ್ದರಿಂದ ಇಬ್ಬರ ಫರಕೂ ಸಮ ಇದ್ದಾಗ ನಾನು ದೊಡ್ಡವನನ್ನು ಇಟ್ಟುಕೊಳ್ಳುತ್ತೇನೆ. ಐದೇ ಮೂಟೆಗೆ ಜಾಗ ಇರುವಾಗ ಒಂದೊಂದು ಮೂಟೆಯಲ್ಲೂ ಜಾಸ್ತಿ ಮಾಲು ಇರಲಿ ಅಂತ.

ಬೇರೆಯವರ ಕೀಪರ್ ಪಟ್ಟಿ ಮೊದಲೇ ಗೊತ್ತಿರುವುದಿಲ್ಲವಲ್ಲ, ಉಬ್ಬರ ಹೇಗೆ ಲೆಕ್ಕ ಹಾಕೋದು? ಊಹಿಸಿ. ಹನ್ನೊಂದು ತಂಡ ತೆರೆದು, ಅವರ ಜಾಗದಲ್ಲಿ ನೀವಿದ್ದರೆ ಯಾರನ್ನು ಇಟ್ಟುಕೊಳ್ಳುತ್ತಿದ್ದಿರಿ ಅಂತ ಗುರುತು ಹಾಕಿ. ಒಂದು ಸಂಜೆಯ ಕೆಲಸ. ಸ್ನೇಹಿತರ ಲೀಗಿನಲ್ಲಿ ಇದು ಇನ್ನೂ ಸುಲಭ, ಯಾಕೆಂದರೆ ಜನ ಗೊತ್ತಿರುತ್ತಾರೆ. ನಮ್ಮ ಪಕ್ಕದ ಮನೆಯವರು ಹುಟ್ಟಾ ಯಾಂಕೀಸ್ ಭಕ್ತರು. ಆರನ್ ಜಡ್ಜ್ ಹರಾಜಿಗೆ ಬಂದರೆ ಬೆಲೆ ನೋಡುವುದೇ ಇಲ್ಲ. ಅವರ ಚಾಳಿ ಗೊತ್ತಿದ್ದರೆ ಜಡ್ಜ್‌ನನ್ನು ಚಿಕ್ಕ ಫರಕಿಗೆ ಇಟ್ಟುಕೊಳ್ಳುವ ಬದಲು ಬಿಡೋದೇ ಲಾಭ. ಅವರ 60 ಡಾಲರ್ ಮೊದಲ ಹತ್ತು ನಿಮಿಷದಲ್ಲೇ ಕರಗುತ್ತದೆ, ಆಮೇಲೆ ಮಿಕ್ಕವರ ಮೇಲೆ ಅವರು ಸವಾಲು ಕೂಗುವುದಿಲ್ಲ.

ನಿಮ್ಮದು ಹರಾಜಲ್ಲ, ಸ್ನೇಕ್ ಡ್ರಾಫ್ಟ್ (ಸುತ್ತು ಸುತ್ತಾಗಿ ಸರದಿಯಲ್ಲಿ ಆಟಗಾರರನ್ನು ಆರಿಸೋದು) ಆಗಿದ್ದರೆ ಡಾಲರಿನ ಬದಲು ಸುತ್ತು. ಹೋದ ವರ್ಷ ಹತ್ತನೆಯ ಸುತ್ತಿನಲ್ಲಿ ಸಿಕ್ಕವನು ಈ ವರ್ಷ ಮೂರನೆಯ ಸುತ್ತಿನಲ್ಲಿ ಹೋಗುವಂತಿದ್ದರೆ ಏಳು ಸುತ್ತಿನ ಲಾಭ. ಆದರೆ ಸುತ್ತುಗಳನ್ನು ಸುಮ್ನೆ ಕಳೆಯಬೇಡಿ. ಒಂದನೆಯ ಸುತ್ತಿಗೂ ಮೂರನೆಯದಕ್ಕೂ ಇರುವ ಅಂತರ ಹನ್ನೆರಡಕ್ಕೂ ಹದಿನೆಂಟಕ್ಕೂ ಇರುವುದಕ್ಕಿಂತ ದೊಡ್ಡದು. ಮೂರನೆಯ ಸುತ್ತಿನ ದರಕ್ಕೆ ಮೊದಲ ಸುತ್ತಿನವನು ಸಿಕ್ಕರೆ ಕಣ್ಣು ಮುಚ್ಚಿ ಇಟ್ಟುಕೊಳ್ಳಿ.

ಮುರಿದ ಮಂಡಿ, ಮುರಿದ ಮೊಣಕೈ

ಗಾಯದ ಲೆಕ್ಕ ಇಲ್ಲದ ಕೀಪರ್ ಪಟ್ಟಿ ಅರ್ಧ ಪಟ್ಟಿ. ಮೊದಲು ನನ್ನ ಕಥೆ. 2022ರಲ್ಲಿ ಮೆಟ್ಸ್ ಕ್ಲೋಸರ್ (ಪಂದ್ಯದ ಕೊನೆಯಲ್ಲಿ ಬಂದು ಸೇವ್ ಗಳಿಸುವ ಪಿಚರ್) ಎಡ್ವಿನ್ ಡಿಯಾಸ್ 32 ಸೇವ್, 1.31 ಇಆರ್‌ಎ. ತುತ್ತೂರಿಯ ಹಾಡು ಮೊಳಗುವಾಗ ಅವನು ಮೈದಾನಕ್ಕೆ ಬರೋದನ್ನು ನೋಡಲೆಂದೇ ಮೆಟ್ಸ್‌ನ ಮೈದಾನ ಸಿಟಿ ಫೀಲ್ಡಿಗೆ ಎರಡು ಸಲ ಹೋಗಿದ್ದೆ. 12ಕ್ಕೆ ಕೊಂಡಿದ್ದೆ, 17ಕ್ಕೆ ಇಟ್ಟುಕೊಂಡೆ. 2023ರಲ್ಲಿ ನಮ್ಮ ಕೀಪರ್ ಗಡುವು ಮಾರ್ಚ್ 11. ಮಾರ್ಚ್ 15ರ ರಾತ್ರಿ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನಲ್ಲಿ ಡಿಯಾಸ್ ಇದ್ದ ಪೋರ್ಟೊ ರಿಕೊ ತಂಡ ಗೆದ್ದಿತು. ಗೆದ್ದ ಖುಷಿಗೆ ಎಲ್ಲರೂ ಕುಣಿದರು. ಕುಣಿಯುವಾಗ ಡಿಯಾಸ್‌ನ ಬಲ ಮಂಡಿಯ ಸ್ನಾಯುರಜ್ಜು ಹರಿಯಿತು. 2023 ಪೂರ್ತಿ ಹೋಯಿತು. ನನ್ನ 17 ಡಾಲರೂ ಹೋಯಿತು. ಗಾಯವಾದರೆ ಕೀಪರ್ ಬದಲಿಸಬಹುದು ಅಂತ ನಾನು ಅಂದುಕೊಂಡಿದ್ದೆ. ನಿಯಮದಲ್ಲಿ ಹಾಗೇನೂ ಇರಲಿಲ್ಲ. ಓದಿರಲಿಲ್ಲ.

ಆಮೇಲೆ ಎರಡು ಬದಲಾವಣೆ ಮಾಡಿಕೊಂಡೆ. ಗುಂಪಿನಲ್ಲಿ ವಾದ ಮಾಡಿ ಗಡುವನ್ನು ಹರಾಜಿನ ಎರಡು ದಿನ ಮುಂಚೆಗೆ ತಂದೆವು. ನೀವೂ ತನ್ನಿ. ಇನ್ನೊಂದು, ಕ್ಲೋಸರ್‌ಗಳನ್ನು ಇಟ್ಟುಕೊಳ್ಳೋದು ಹೆಚ್ಚುಕಮ್ಮಿ ನಿಲ್ಲಿಸಿಬಿಟ್ಟೆ. ಅವರ ಕೆಲಸವೇ ಗಾಳಿಯಲ್ಲಿಟ್ಟ ದೀಪ. ಎರಡು ಪಂದ್ಯ ಕೆಟ್ಟರೆ ಮ್ಯಾನೇಜರ್ ಬೇರೆಯವನನ್ನು ಕರೆಯುತ್ತಾನೆ. ಸೀಸನ್ ನಡುವೆ ಹೊಸ ಕ್ಲೋಸರ್‌ಗಳು ಪುಕ್ಕಟೆಯಾಗಿಯೂ ಸಿಗುತ್ತಾರೆ.

ಸ್ಟಾರ್ಟಿಂಗ್ ಪಿಚರ್‌ಗಳ (ಪಂದ್ಯ ಶುರುಮಾಡುವವರ) ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ, ಆದರೆ ಐದರಲ್ಲಿ ಇಬ್ಬರಿಗಿಂತ ಜಾಸ್ತಿ ಇಡುವುದಿಲ್ಲ. ಮೊಣಕೈಯನ್ನು ನಂಬೋದು ಕಷ್ಟ. ಸ್ಪೆನ್ಸರ್ ಸ್ಟ್ರೈಡರ್ 2023ರಲ್ಲಿ 20 ಗೆಲುವು, 281 ಸ್ಟ್ರೈಕ್‌ಔಟ್. 2024ರಲ್ಲಿ ಎರಡೇ ಪಂದ್ಯ ಎಸೆದು ಆಪರೇಷನ್ ಟೇಬಲ್ ಮೇಲೆ. ಅದಕ್ಕೆ ಪ್ರತಿ ಪಿಚರ್ ಬೆಲೆಯಿಂದ ನಾನು ಮೊದಲೇ ಮೂರ್ನಾಲ್ಕು ಡಾಲರ್ ಕಳೆದುಬಿಡುತ್ತೇನೆ. ಸ್ಪ್ರಿಂಗ್ ಟ್ರೇನಿಂಗ್‌ನಲ್ಲಿ ಪಿಚರ್‌ನ ಇಆರ್‌ಎ ನೋಡುವುದಿಲ್ಲ, ವೇಗ ನೋಡುತ್ತೇನೆ. ಗಂಟೆಗೆ ಒಂದೂವರೆ, ಎರಡು ಮೈಲಿ ಇಳಿದಿದ್ದರೆ ಏನೋ ಇದೆ ಅಂತ ಲೆಕ್ಕ.

ಈಗ ದಾವಣಗೆರೆಯವನ ಕಥೆ. ಇದನ್ನು ಅವನ ಅಪ್ಪಣೆ ತಗೊಂಡೇ ಬರೆಯುತ್ತಿದ್ದೇನೆ. ಅವನು 2023ರಲ್ಲಿ ರೊನಾಲ್ಡ್ ಅಕುನ್ಯಾನನ್ನು 38ಕ್ಕೆ ಕೊಂಡ. ಆ ವರ್ಷ ಅಕುನ್ಯಾ 41 ಹೋಮ್ ರನ್, 73 ಸ್ಟೋಲನ್ ಬೇಸ್, .337. ನಮ್ಮವನು ಲೀಗ್ ಗೆದ್ದ. 2024ಕ್ಕೆ ದರ 43. ಹರಾಜಿಗೆ ಬಿಟ್ಟಿದ್ದರೆ 55 ದಾಟುತ್ತಿತ್ತು. ಇಟ್ಟುಕೊಂಡ. ಮೇ 26ಕ್ಕೆ ಎಡ ಮಂಡಿಯ ಎಸಿಎಲ್ (ಮಂಡಿಯೊಳಗಿನ ಅಸ್ಥಿರಜ್ಜು) ಹರಿಯಿತು. 2021ರಲ್ಲಿ ಬಲ ಮಂಡಿಗೆ ಆಗಿತ್ತು, ಈಗ ಎಡದ್ದು. ಇಡೀ ವರ್ಷ ಅವನು ತಲೆ ಚಚ್ಚಿಕೊಂಡ. ನಾನು ಹೇಳಿದೆ, ಮಾರಾಯ, ಅದೇ ಮಾರ್ಚ್ ಮತ್ತೆ ಬಂದರೆ ಮತ್ತೆ 43ಕ್ಕೆ ಇಟ್ಟುಕೋ. ನಿರ್ಧಾರ ಸರಿಯಾಗಿತ್ತು, ಮಂಡಿ ಸರಿಯಿರಲಿಲ್ಲ.

2025ಕ್ಕೆ ದರ 48. ಅಕುನ್ಯಾ ಮೇ ತನಕ ಆಡುವುದಿಲ್ಲ ಅಂತ ಗೊತ್ತಿತ್ತು. ಎರಡೂ ಮಂಡಿ ಕೊಯ್ಯಿಸಿಕೊಂಡವನು ಮೊದಲಿನ ಹಾಗೆ ಓಡುತ್ತಾನಾ? ಆದರೂ ಇಟ್ಟುಕೊಂಡ. ನನಗೆ ಟ್ರೋಫಿ ತಂದುಕೊಟ್ಟವನು ಅಂದ. ಅಕುನ್ಯಾ ಮೇ 23ಕ್ಕೆ ಬಂದ, ಮೊದಲ ಚೆಂಡಿಗೇ ಹೋಮ್ ರನ್. ಗುಂಪಿನಲ್ಲಿ ಒಂದು ಗಂಟೆ ದೀಪಾವಳಿ. ಕೊನೆಗೆ 95 ಪಂದ್ಯ, 21 ಹೋಮ್ ರನ್, .290, ಸ್ಟೋಲನ್ ಬೇಸ್ ಒಂಬತ್ತು. ಒಳ್ಳೆ ಆಟವೇ. 48ರ ಆಟವಲ್ಲ. ಒಂದೇ ಆಟಗಾರ, ಒಬ್ಬನೇ ಯಜಮಾನ. ಮೊದಲನೆಯದು ಸರಿಯಾದ ನಿರ್ಧಾರ, ಎರಡನೆಯದು ತಪ್ಪು. ಎರಡು ವರ್ಷವೂ ಕೈಗೆ ಬಂದದ್ದು ನಷ್ಟ. ಹೀಗಿರುವಾಗ ಫಲ ನೋಡಿ ನಿರ್ಧಾರವನ್ನು ಅಳೆಯೋದು ಹೇಗೆ? ಅದಕ್ಕೆ ನಾನು ಪ್ರತಿ ಕೀಪರ್ ಎದುರು ಮಾರ್ಚಿನಲ್ಲೇ ಒಂದು ಸಾಲು ಬರೆದಿಡುತ್ತೇನೆ, ಯಾಕೆ ಇಟ್ಟೆ ಅಥವಾ ಯಾಕೆ ಬಿಟ್ಟೆ ಅಂತ. ಅಕ್ಟೋಬರಿನಲ್ಲಿ ಆ ಸಾಲು ಓದುತ್ತೇನೆ. ರಾಲಿ ಎದುರು "ಸರಾಸರಿ ಕೆಟ್ಟದು, ಫರಕು 2" ಅಂತ ನನ್ನದೇ ಅಕ್ಷರದಲ್ಲಿ ಇದೆ.

ಆರನೆಯ ಮೂಟೆ

ಐದಕ್ಕಿಂತ ಜಾಸ್ತಿ ಒಳ್ಳೆ ಕೀಪರ್‌ಗಳಿದ್ದರೆ? ಆರನೆಯವನನ್ನು ಸುಮ್ನೆ ಬಿಡಬೇಡಿ. ಫೆಬ್ರವರಿಯಲ್ಲೇ ಮಾರಿ. ಇಬ್ಬರನ್ನು ಕೊಟ್ಟು ಒಬ್ಬನನ್ನು ತಗೊಳ್ಳಿ. ಕೆಳಗಿನ ತಂಡದವರ ಹತ್ತಿರ ಐದನೆಯ ಕೀಪರ್‌ಗೆ ಫರಕೇ ಇರುವುದಿಲ್ಲ. ನಿಮ್ಮ ಆರು ಡಾಲರ್ ಫರಕಿನವನು ಅವರಿಗೆ ಬಂಗಾರ. ಗಡುವಿನ ಹಿಂದಿನ ದಿನ ಹೋದರೆ ಮಾತ್ರ ಚೌಕಾಸಿ ನಡೆಯುವುದಿಲ್ಲ. ಹೇಗೂ ನಾಳೆ ಬಿಡ್ತಾನೆ ಅಂತ ಅವರಿಗೂ ಗೊತ್ತಿರುತ್ತದೆ. ಹಸಿ ತರಕಾರಿಯನ್ನು ಸಂಜೆ ಸಂತೆಯಲ್ಲಿ ಮಾರಿದ ಹಾಗೆ ಆಗುತ್ತದೆ.

ಮುಂದಿನ ವರ್ಷಗಳ ಲೆಕ್ಕವೂ ಇಲ್ಲಿ ಬರುತ್ತದೆ. ಒಬ್ಬ 31 ವರ್ಷದವನಿಗೆ ಇದೇ ಕೊನೆಯ ಕೀಪರ್ ವರ್ಷ. ಇನ್ನೊಬ್ಬ 22ರ ಹುಡುಗ, ಇನ್ನೂ ಎರಡು ವರ್ಷ ಇಡಬಹುದು. ಫರಕು ಸಮ ಇದ್ದರೆ ಹುಡುಗ. ಆದರೆ ಎರಡನೆಯ ವರ್ಷದ ಫರಕನ್ನು ಪೂರ್ತಿ ನಂಬಬೇಡಿ. ನಾನು ಅರ್ಧ ಮಾತ್ರ ಹಿಡಿಯುತ್ತೇನೆ. ದರ 5 ಏರುತ್ತದೆ, ಹುಡುಗರು ಮೈನರ್ ಲೀಗಿಗೆ ವಾಪಸ್ ಹೋಗುತ್ತಾರೆ, ಮೊಣಕೈಗಳಿವೆ, ಮಂಡಿಗಳಿವೆ. ಇನ್ನೂ ಮೇಜರ್ ಲೀಗ್ ನೋಡದ ಹುಡುಗರ ಬಗ್ಗೆ ನನ್ನ ಸಲಹೆ ಚಿಕ್ಕದು: ಕೊಳ್ಳೋದಾದರೆ 1ರಿಂದ 4 ಡಾಲರ್ ಒಳಗೆ, ಐದು ಕೀಪರ್‌ಗಳಲ್ಲಿ ಒಬ್ಬನೇ. ಒಬ್ಬ ಸ್ಕೀನ್ಸ್ ಸಿಕ್ಕ ಮೇಲೆ ಪ್ರತಿಯೊಬ್ಬನಲ್ಲೂ ಸ್ಕೀನ್ಸ್ ಕಾಣತೊಡಗುತ್ತಾನೆ. ಆಮೇಲೆ ನಾನು ಕೊಂಡ ನಾಲ್ಕು ಹುಡುಗರ ಹೆಸರು ಹೇಳಿದರೆ ನಿಮಗೆ ಗುರುತೂ ಹತ್ತುವುದಿಲ್ಲ.

ಇನ್ನೇನು ಉಳಿದಿದೆ? ಹಾಂ, ಪಟ್ಟಿ ಕೊಟ್ಟ ಮೇಲಿನ ಕೆಲಸ. ಗಡುವು ಮುಗಿದ ಕೂಡಲೆ ನಮ್ಮ ಲೀಗ್ ನಡೆಸುವ ಕಮಿಷನರ್ ಎಲ್ಲರ ಕೀಪರ್‌ಗಳನ್ನೂ ಒಂದೇ ಹಾಳೆಯಲ್ಲಿ ಕಳಿಸುತ್ತಾರೆ. ಹೆಚ್ಚಿನವರು ಅದನ್ನು ನೋಡಿ, ನಕ್ಕು, ಬೈದು ಮಲಗುತ್ತಾರೆ. ನೀವು ಮಲಗಬೇಡಿ. ಊಹಿಸಿದ ಉಬ್ಬರವನ್ನು ಅಳಿಸಿ ನಿಜವಾದದ್ದನ್ನು ಹಾಕಿ. 2025ರಲ್ಲಿ ನನ್ನ 1.14 ಅವತ್ತು ರಾತ್ರಿ 1.17 ಆಯಿತು, ಯಾಕೆಂದರೆ ಇಬ್ಬರು ನಾನು ಅಂದುಕೊಂಡದ್ದಕ್ಕಿಂತ ಜಾಣರಾಗಿದ್ದರು. ಪಟ್ಟಿಯ ಮೇಲಿನ ನಲವತ್ತು ಜನರ ಬೆಲೆಯನ್ನು ಒಬ್ಬೊಬ್ಬರದಾಗಿ ತಿದ್ದಿ ಮುಗಿಸುವ ಹೊತ್ತಿಗೆ ರಾತ್ರಿ ಒಂದೂವರೆ. ಊರಲ್ಲಿ ಆಗ ಬೆಳಗ್ಗೆ ಹನ್ನೊಂದು. ಅಪ್ಪನಿಗೆ ಫೋನ್ ಮಾಡಿದರೆ ಅವರು ಕೇಳಿದ್ದು ಒಂದೇ: "ಅಲ್ಲಿ ಕೊಬ್ಬರಿ ರೇಟೆಷ್ಟಿದೆ?"